ಹಳೆಯ ಚೀಟಿಯ ಪಕ್ಕ

ಮಸೂರದ ಕೆಳಗೆ ಒಣಗಿದ ಎಲೆಯನ್ನು ಮಗುಚಿದ ಕೂಡಲೇ ಮೈಥಿಲಿಗೆ ಗೊತ್ತಾಯಿತು, ಗಂಡ ತಪ್ಪಾಗಿ ಗುರುತಿಸಿದ್ದ. ಆಸ್ಟ್ರೇಲಿಯಾದ ಈ ಗ್ರೆವಿಲಿಯಾ ಪೊದೆ ಊರಿಗೊಂದು ರೂಪ ತಾಳುತ್ತದೆ. ಉಪಜಾತಿ ಯಾವುದೆಂದು ಹೇಳುವುದು ಎಲೆಯ ಹಿಂಬದಿಯ ರೋಮ. ಗಂಡ ಬರೆಸಿದ್ದ ಉಪಜಾತಿಯಲ್ಲಿರುವಂತೆ ಅದು ನೆಟ್ಟಗಿರಲಿಲ್ಲ, ಸುರುಳಿಯಾಗಿತ್ತು.

ಲಂಡನ್ನಿನ ಈ ಸಸ್ಯಸಂಗ್ರಹಾಲಯದಲ್ಲಿ ಗಂಡ ಹೆಂಡತಿ ಇಬ್ಬರೂ ಇಪ್ಪತ್ತು ವರ್ಷ ಎದುರುಬದುರು ಕೂತವರು. ಅಶ್ವತ್ಥನಾರಾಯಣ ನೋಡಿ ಹೇಳುತ್ತಿದ್ದ, ಮೈಥಿಲಿ ಚೀಟಿಯಲ್ಲಿ ಬರೆದು, ಒಣಗಿಸಿದ ಗಿಡವಿರುವ ಹಾಳೆಗೆ ಅಂಟಿಸುತ್ತಿದ್ದಳು. ಮಾರ್ಚಿನಲ್ಲಿ ಅವನು ತೀರಿಕೊಂಡ ಮೇಲೆ ಎದುರಿನ ಕುರ್ಚಿ ಖಾಲಿಯೇ ಇತ್ತು.

"ತಪ್ಪಿದೆ ಅಂದ್ರೆ ಅಂಕಲ್ ಚೀಟಿ ತೆಗೆದುಬಿಡ್ಲಾ ಆಂಟಿ?" ಹೊಸದಾಗಿ ಸೇರಿದ ನಿಖಿತಾ ಕೇಳಿದಳು.

"ಬೇಡಮ್ಮ. ಒಂದ್ಸಲ ಅಂಟಿಸಿದ್ದನ್ನ ಇಲ್ಲಿ ಯಾರೂ ಕೀಳೋ ಹಾಗಿಲ್ಲ. ತಪ್ಪಿದ್ರೂ ಅದು ಹಾಗೇ ಇರ್ಬೇಕು. ಪಕ್ಕದಲ್ಲಿ ಇನ್ನೊಂದು ಅಂಟಿಸ್ತೀವಿ, ಅಷ್ಟೆ."

ಮೈಥಿಲಿ ಹೊಸ ಚೀಟಿ ತೆಗೆದು ಸರಿಯಾದ ಉಪಜಾತಿ ಬರೆದಳು. ಗುರುತಿಸಿದವರ ಹೆಸರು, ತಾರೀಖು ತುಂಬಿಸಿ, ಅಂಟು ಸವರಿ, ಹೆಬ್ಬೆರಳಿನಿಂದ ಬಲವಾಗಿ ಒತ್ತಿದಳು. ನಿಖಿತಾ ಬಗ್ಗಿ ಓದಿದಳು. ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ, ಮತ್ತೆ ಓದಿದಳು.

"ಆಂಟಿ, ಇದು... ಅಂಕಲ್ ಹೆಸರು."

ಮೈಥಿಲಿ ಬೆರಳು ತೆಗೆದಳು. ಗುರುತಿಸಿದವರು, ಅಶ್ವತ್ಥನಾರಾಯಣ. ತಾರೀಖು ಇವತ್ತಿನದು. ಅಂಟು ಆಗಲೇ ಹಿಡಿದಿತ್ತು.