ಉಬ್ಬಿದ ಪೀಪಾಯಿ

ಸ್ನಾನದ ಟಬ್ಬಿನಲ್ಲಿ ನಿಲ್ಲಿಸಿದ್ದ ಪ್ಲಾಸ್ಟಿಕ್ ಪೀಪಾಯಿ ಮತ್ತೊಮ್ಮೆ ಕಿರ್ರೆಂದಿತು. ಜ್ಯೋತ್ಸ್ನಾ ಬಾಗಿಲಲ್ಲೇ ನಿಂತುಬಿಟ್ಟಳು. ನಿನ್ನೆಯವರೆಗೆ ನೆಟ್ಟಗೆ ಕೂತಿದ್ದ ಪೀಪಾಯಿಯ ತಳ ಈಗ ಮಡಕೆಯಂತೆ ಗುಂಡಗಾಗಿ, ಯಾರೂ ಮುಟ್ಟದೆಯೇ ಅತ್ತಿತ್ತ ತೂಗುತ್ತಿತ್ತು. ಒಳಗೆ ಏನೋ ಉಸಿರಾಡುತ್ತಿದೆ ಅನ್ನಿಸುವಂತಿತ್ತು.

"ಒಳಗೆ ಗ್ಯಾಸು ಜಾಸ್ತಿಯಾದ್ರೆ ಮುಚ್ಚಳದ ರಬ್ಬರು ತಾನಾಗೇ ಬಿಟ್ಕೋಬೇಕು ಕಣೆ. ಅಂಟ್ಕೊಂಡಿದೆ," ಎಂದ ಅವಳ ಗಂಡ ರಘುನಂದನ್. ಅವನ ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು.

"ಸಕ್ಕರೆ ಎಷ್ಟು ಹಾಕಿದ್ರಿ?"

ಅವನು ತೋಳಿನಿಂದ ಬೆವರು ಒರೆಸಿಕೊಂಡ. ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕೆಲಸ ಬಿಟ್ಟು ಊರಿಗೆ ಹೊರಟ ಇಂಗ್ಲಿಷ್ ಸಹೋದ್ಯೋಗಿಯೊಬ್ಬ ಕೊಟ್ಟುಹೋದ ಪೀಪಾಯಿ ಅದು. ಸೇಬಿನ ರಸ, ಸಕ್ಕರೆ, ಬ್ರೆಡ್ಡಿಗೆ ಹಾಕುವ ಈಸ್ಟು, ಎಲ್ಲವೂ ಸೌದಿಯ ಈ ಜಿದ್ದಾ ನಗರದ ಯಾವ ಅಂಗಡಿಯಲ್ಲೂ ಸಿಗುವಂಥವೇ. ಒಟ್ಟಿಗೆ ಸೇರಿಸಿ ಮುಚ್ಚಿಟ್ಟು ಹೆಂಡವಾಗಿಸಿದರೆ ಮಾತ್ರ ಜೈಲು, ಛಡಿ ಏಟು, ಆಮೇಲೆ ಊರಿನ ವಿಮಾನ. ಬೇಡ ಬೇಡವೆಂದು ಜ್ಯೋತ್ಸ್ನಾ ಎಷ್ಟು ಹೇಳಿದರೂ ಅವನು ಕೇಳಿರಲಿಲ್ಲ. "ಒಂದೇ ಸಲ ಕಣೆ," ಅಂದಿದ್ದ.

"ತಿರುಗಿಸಿದ್ರೆ ಮುಚ್ಚಳ ಹಾರತ್ತೆ. ಬುಡದ ನಲ್ಲಿ ಬಿಟ್ರೆ ಎಲ್ಲಾ ಹರಿದುಹೋಗತ್ತೆ. ಬಿಟ್ರೆ ಪೀಪಾಯೇ ಒಡೆಯತ್ತೆ," ಎಂದು ಅವನು ಕೈ ಚಾಚಿ, ಮತ್ತೆ ಹಿಂದಕ್ಕೆಳೆದುಕೊಂಡ.

ಆಗಲೇ ಕರೆಗಂಟೆ ಹೊಡೆದುಕೊಂಡಿತು. ಎದುರು ಮನೆಯ ಸುಬೈದಾ. ಪುತ್ತೂರು ಕಡೆಯ ಬಟ್ಟೆ ವ್ಯಾಪಾರಿ ಅಬ್ದುಲ್ಲ ಕುಂಞಿಯವರ ಹೆಂಡತಿ. ಕಟ್ಟಡದ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದಿಸುವವರು. ಬಾಗಿಲು ತೆರೆದದ್ದೇ ತಡ, ಎಂದಿನ ಸಲುಗೆಯಲ್ಲಿ ಒಳಗೇ ಬಂದರು.

"ಜ್ಯೋತ್ಸ್ನಾ, ಮನೆ ಓನರ್ ಪ್ಲಂಬರನ್ನು ಕರ್ಕೊಂಡು ಬಂದಿದ್ದಾನೆ. ಪೈಪು ಬದಲಿಸ್ಲಿಕ್ಕೆ ಎಲ್ಲರ ಬಾತ್‌ರೂಮು ನೋಡ್ತಾರಂತೆ. ಕೆಳಗಿನ ಮನೆ ಮುಗೀತು. ಹೇಳಿ ಹೋಗುವ ಅಂತ..." ಪೀಪಾಯಿ ನರಳಿತು. "ಎಂತ ಅದು ಶಬ್ದ?"

ಜ್ಯೋತ್ಸ್ನಾ ಅಡ್ಡ ಬರುವಷ್ಟರಲ್ಲಿ ಸುಬೈದಾ ಬಚ್ಚಲಿನ ಬಾಗಿಲಿಗೆ ಹೋಗಿಯಾಗಿತ್ತು. ನೋಡಿದರು. ಗಾಳಿ ಮೂಸಿದರು. ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡರು. ಇನ್ನು ಈಕೆ ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದುಕೊಂಡಳು ಜ್ಯೋತ್ಸ್ನಾ.

ಹೊರಬಾಗಿಲನ್ನು ಯಾರೋ ಬಡಿದರು.

ರಘುನಂದನನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಸುಬೈದಾ ಒಂದು ಕ್ಷಣ ಕಣ್ಣು ಮುಚ್ಚಿದರು. ಇದನ್ನು ಮುಚ್ಚಿಟ್ಟರೆಂದು ಗೊತ್ತಾದರೆ ಅಬ್ದುಲ್ಲ ಕುಂಞಿಯವರು ಈ ದೇಶದಲ್ಲಿರಲು ಬೇಕಾದ ಇಕಾಮಾ ಪರವಾನಗಿ ಹೋಗುತ್ತದೆ, ಅಂಗಡಿಯೂ ಹೋಗುತ್ತದೆ. ಅದು ಅವರಿಗೂ ಗೊತ್ತಿತ್ತು, ಜ್ಯೋತ್ಸ್ನಾಳಿಗೂ ಗೊತ್ತಿತ್ತು. ಮರುಕ್ಷಣ ಅವರು ಮುಖದ ಮೇಲೆ ಪರದೆ ಎಳೆದುಕೊಂಡರು.

"ನೀವು ಬಾಗಿಲು ಹಾಕ್ಕೊಂಡು ಅದರ ಗಾಳಿ ನಿಧಾನ ಬಿಡಿ," ಎಂದು ಅವನಿಗೆ ಹೇಳಿ ಹೊರಬಾಗಿಲಿಗೆ ನಡೆದರು.

ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು ಅರಬ್ಬಿಯಲ್ಲಿ ಹೇಳಿದರು: "ಒಳಗೆ ಹೆಂಗಸರಿದ್ದೇವೆ. ಈಗ ಆಗುವುದಿಲ್ಲ."

ಹೆಣ್ಣುದನಿ ಕೇಳಿದ್ದೇ ಮುದುಕ ಮಾಲೀಕ ಮುಖವನ್ನು ಮೆಟ್ಟಿಲ ಕಡೆಗೆ ತಿರುಗಿಸಿಕೊಂಡ. ಕ್ಷಮೆ ಕೇಳಿದ. ಅಷ್ಟರಲ್ಲಿ ಒಳಗಿನಿಂದ ಸೀಟಿ ಎದ್ದಿತು. ರೈಲು ನಿಲ್ದಾಣ ಬಿಡುವಾಗಿನಂಥ ಉದ್ದನೆಯ ಸೀಟಿ. ನಿಲ್ಲುವ ಹಾಗೆಯೇ ಕಾಣಲಿಲ್ಲ.

"ಏನದು?" ಎಂದ ಮಾಲೀಕ.

ಸುಬೈದಾರ ಬೆನ್ನು ಅಲುಗಲಿಲ್ಲ. "ಪ್ರೆಶರ್."

ಮಾಲೀಕ ನಕ್ಕ. ಅಡುಗೆ ಚೆನ್ನಾಗಿ ಆಗಲಿ ಎಂದು ಹರಸಿ, ನಾಳೆ ಗಂಡಸರಿಗೆ ಹೇಳಿ ಕಳಿಸಿಯೇ ಬರುತ್ತೇನೆಂದ. ಪ್ಲಂಬರನ ಚೀಲದ ಸದ್ದು ಮೆಟ್ಟಿಲಿಳಿದು ದೂರವಾಯಿತು. ಬುರ್ಖಾದ ಆ ಕಪ್ಪು ಬೆನ್ನನ್ನೇ ಜ್ಯೋತ್ಸ್ನಾ ಹಿಂದಿನಿಂದ ನೋಡಿದಳು. ತರಕಾರಿಯವನ ಹತ್ತಿರ ಚೌಕಾಸಿ ಮಾಡಲೂ ನಾಚುತ್ತಿದ್ದ ಹೆಂಗಸು ಇವರೇನಾ?

"ಸುಬೈದಕ್ಕ, ನಮಗೋಸ್ಕರ ನೀವು ಸುಳ್ಳು ಹೇಳೋ ಹಾಗಾಯ್ತು..."

"ಸುಳ್ಳು ಎಂತದು? ಹೆಂಗಸರಿದ್ದೇವೆ ಅಂದೆ, ಇದ್ದೇವೆ. ಪ್ರೆಶರ್ ಅಂದೆ, ಅದೂ ಇತ್ತು." ಅವರು ಪರದೆ ಎತ್ತಿದರು. "ನಿಮ್ಮ ಗಂಡನಿಗಾಗಿ ಅಲ್ಲ. ಅವರನ್ನು ಹಿಡ್ಕೊಂಡು ಹೋದ್ರೆ ಈ ಊರಲ್ಲಿ ನಿಮಗೆ ಯಾರಿದ್ದಾರೆ? ಈಗ ಅದನ್ನು ಚೆಲ್ಲಿಸಿ. ಚೆಲ್ಲಿದ್ದು ನೋಡಿಯೇ ನಾನು ಹೋಗುವುದು."

ರಘುನಂದನ್ ಮೊಣಕೈವರೆಗೆ ನೊರೆ ಮೆತ್ತಿಕೊಂಡು ನಿಂತಿದ್ದ. ಬಗ್ಗಿ ಪೀಪಾಯಿಯ ಬುಡದ ನಲ್ಲಿಯನ್ನು ತಿರುಗಿಸಿದ.

ಟಬ್ಬಿನ ಬೂಚು ತೆಗೆಯುವುದು ಯಾರಿಗೂ ಹೊಳೆದಿರಲಿಲ್ಲ. ಬಿಳಿ ಟಬ್ಬಿನಲ್ಲಿ ಹುದುಗಿದ ರಸ ಏರುತ್ತಾ ಹೋಯಿತು. ಗವಾಕ್ಷಿಯಿಂದ ಇಳಿದ ಸಂಜೆಬಿಸಿಲು ಅದರ ತಳದವರೆಗೂ ಹೋಗಿ, ಇಡೀ ಟಬ್ಬು ಕರಗಿಸಿದ ಬಂಗಾರವಾಯಿತು. ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಎದ್ದು ಬಂದು ಮೇಲೆ ಪಿಸುಗುಟ್ಟಿ ಒಡೆಯುತ್ತಿದ್ದವು. ಅಂಗಡಿಯ ಸೇಬಿನ ರಸ, ಕತ್ತಲಲ್ಲಿ ಯಾರ ಕೈಯೂ ಸೋಕದೆ ತಾನಾಗಿ ಹೀಗಾಗಿತ್ತು! ಇಷ್ಟು ವಾರ ಅದಕ್ಕೆ ಹೆದರುತ್ತಲೇ ಕಳೆದಿದ್ದ ಜ್ಯೋತ್ಸ್ನಾ ಹೆದರುವುದನ್ನು ಮರೆತು ನೋಡಿದಳು. ಮೂವರೂ ನೋಡಿದರು.

ಮೊದಲು ಎಚ್ಚೆತ್ತವರು ಸುಬೈದಾ. "ಬೂಚು ತೆಗೀರಿ."

ಬಂಗಾರ ಸುತ್ತಿ ಸುಳಿಯಾಗಿ ಗೊಳಗೊಳನೆ ಇಳಿಯಿತು. ಕೊನೆಯ ಹನಿ ಹೋಗುವವರೆಗೆ ಸುಬೈದಾ ಕಣ್ಣು ಕೀಳಲಿಲ್ಲ. ಮೂಗಿಗೆ ಮತ್ತೆ ಒತ್ತಿಕೊಂಡಿದ್ದ ತಲೆವಸ್ತ್ರದ ತುದಿ ಯಾವಾಗಲೋ ಜಾರಿತ್ತು.

"ಹರಾಮು ಅಂತ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ," ಎಂದರು ಮೆಲ್ಲಗೆ. "ಇಷ್ಟು ಚಂದ ಇರ್ತದೆ ಅಂತ ಯಾರೂ ಹೇಳಿರ್ಲಿಲ್ಲ."