ಬಾಯಿ ಮುಚ್ಚುವ ಎಲೆಗಳು

ಬೆಳೆಗೆ ಪೊಟ್ಯಾಷ್ ಗೊಬ್ಬರ ಹಾಕಿದರೆ ಮನೆಮಂದಿಯ ಕುಡಿಯುವ ನೀರಿನಲ್ಲಿ ಅರ್ಧ ಹೋಗುತ್ತಿತ್ತು. ಗಾಜಿನ ಮನೆಯಲ್ಲಿ ಬದುಕುವವರಿಗೆ ಅದೇ ಬೆಲೆ. ಹೊರಗೆ ಕಾಲಿಡುವಂತಿರಲಿಲ್ಲ, ನೆಲ ಹೆಂಚಿನಂತೆ ಕಾದಿತ್ತು. ಒಳಗೆ ಜೋಳದ ಎಲೆಗಳು ಬಿಟ್ಟ ಉಸಿರು ಗಾಜಿಗೆ ತಗುಲಿ ಹನಿಯಾಗಿ ಇಳಿದರೆ ಅದನ್ನೇ ಎಲ್ಲರೂ ಹಿಡಿದು ಕುಡಿಯುತ್ತಿದ್ದರು.

ಜೋಳಕ್ಕೆ ಹಾಯಿಸುವ, ಕುಡಿಯಲು ಬಾರದ ಉಪ್ಪುಪ್ಪು ಸವುಳು ನೀರೂ ಈ ಸಲ ತಳ ಕಂಡಿತ್ತು. ನೀಲವ್ವ ಕೆಳಗಿನ ಎಲೆಯೊಂದನ್ನು ಸವರಿದಳು, ಅಂಚು ಸುಟ್ಟಿತ್ತು.

"ಪೊಟ್ಯಾಷ್ ಬೇಕಂತ ಕೇಳಾಕತ್ತೈತಿ. ಹಾಕಿದ್ರ ಎಲಿ ಉಸಿರು ಬಿಡೋ ಬಾಯಿ ಮುಚ್ಚಿ, ಇದ್ದ ನೀರು ಹಿಡ್ಕೊಂಡು ಬದುಕತೈತಿ."

"ಅದು ಬಾಯಿ ಮುಚ್ಚಿದ್ರ ನಮ್ಮ ಬಾಯಿಗೇನ್ರಿ ಅತ್ತಿ, ಮಣ್ಣು?" ಎಂದಳು ಸೊಸೆ ಕಾಶವ್ವ, ಕೂಸನ್ನು ಎದೆಗೊತ್ತಿಕೊಂಡು.

"ಹಾಕದಿದ್ರ ಒಂದು ವಾರ ಹೊಟ್ಟಿತುಂಬ ಕುಡೀತೀವಿ. ಆಮ್ಯಾಲೆ ಬೆಳಿನೂ ಇಲ್ಲ, ನೀರೂ ಇಲ್ಲ. ನನ್ನ ಪಾಲಿಂದು ನೀ ಕುಡಿ."

"ನೀವೇನು ಗಾಳಿ ಕುಡೀತೀರೇನು?"

ನೀಲವ್ವ ನಕ್ಕಳು. ನಗುತ್ತಲೇ ಪೊಟ್ಯಾಷ್ ಹಿಡಿ ತುಂಬಿ ಜೋಳದ ಬುಡಕ್ಕೆ ಹಾಕಿದಳು. ಎರಡು ದಿನದಲ್ಲಿ ಗಾಜು ಒಣಗತೊಡಗಿತು.

ಜೋಳ ಬಾಡದೆ ತೆನೆ ಕಟ್ಟಿತು. ಕಾಶವ್ವನ ಎದೆಹಾಲು ಬತ್ತಿತು. ಕೂಸು ಆ ಜೋಳದ ಗಂಜಿ ಕುಡಿಯುವುದನ್ನು ಕಲಿಯಿತು.