ಜ್ವರದ ಅಧ್ಯಾಯ

ಮೂವತ್ತು ವರ್ಷದ ಹಿಂದೆ ಬರೆದ ಕಾದಂಬರಿ ಈಗ ಸಿನಿಮಾ ಆಗುತ್ತದೆಂದು ಖಚಿತವಾದ ಮೇಲೆ ಚನ್ನಬಸಪ್ಪ ಮಾಸ್ತರರಿಗೆ ನಿದ್ದೆ ಹತ್ತಲಿಲ್ಲ. ಅದರಲ್ಲಿ ಓದುಬರಹ ಬಾರದ ಹೆಂಡತಿ ವಿಷಮಜ್ವರದಲ್ಲಿ ಸಾಯುತ್ತಾಳೆ. ಪಕ್ಕದಲ್ಲಿ ಕೂತ ಗಂಡನಿಗೆ ಒಳಗೊಳಗೇ ಬಿಡುಗಡೆಯಾದಂತೆನಿಸುತ್ತದೆ. ನಿಜದಲ್ಲಿ ಅವರ ಹೆಂಡತಿ ನೀಲವ್ವ ಆ ಜ್ವರದಿಂದ ಬದುಕಿ ಎದ್ದಿದ್ದಳು. ಅವಳಿಗೆ ಓದಲು ಬಾರದೆಂಬ ಧೈರ್ಯದಲ್ಲೇ ಅವರು ಅದನ್ನು ಅಚ್ಚು ಹಾಕಿಸಿದ್ದರು. ಸಿನಿಮಾ ನೋಡಲು ಓದು ಬೇಕಿರಲಿಲ್ಲ.

ಚಿತ್ರಕಥೆಯ ಬಗ್ಗೆ ಮಾತಾಡಲು ನಿರ್ದೇಶಕ ಮನೆಗೇ ಬಂದ. ನೀಲವ್ವ ಚಹಾ ಮಾಡಲು ಒಳಗೆ ಹೋದೊಡನೆ ಮಾಸ್ತರರು ದನಿ ತಗ್ಗಿಸಿದರು.

“ಆ ಜ್ವರದ ಅಧ್ಯಾಯ ತಗದುಬಿಡ್ರಿ.”

“ಸರ್, ಬೇರೆ ಲೇಖಕರು ಒಂದು ಸಾಲೂ ಬಿಡಬೇಡಿ ಅಂತ ಜಗಳ ಆಡ್ತಾರೆ. ನೀವು ಕಥೆಯ ಜೀವಾನೇ ತೆಗೀರಿ ಅಂತೀರಲ್ಲ?”

“ಹಂಗಾರ ಸಿನಿಮಾನೇ ಬ್ಯಾಡ.”

“ಒಪ್ಪಂದಕ್ಕೆ ಸಹಿ ಹಾಕಿದ್ದೀರಿ ಸರ್. ಮುಂದಿನ ವಾರ ಶೂಟಿಂಗ್. ಗಂಡನ ಪಾತ್ರ ಮಾಡೋರಿಗೆ ಆ ದೃಶ್ಯದ್ದೇ ಚಿಂತೆ. ಮುಖದಲ್ಲಿ ದುಃಖ ಇರ್ಬೇಕೋ ಸಮಾಧಾನ ಇರ್ಬೇಕೋ, ನೀವೇ ಹೇಳ್ಬೇಕು.”

ಅಷ್ಟರಲ್ಲಿ ನೀಲವ್ವ ಬಂದು ಇಬ್ಬರ ಮುಂದೆಯೂ ಚಹಾದ ಕಪ್ಪು ಇಟ್ಟಳು.

“ಪುಸ್ತಕ ಬಂದ ವರ್ಷಾನ ನನ್ನ ಮಗಳು ಎಲ್ಲಾ ಓದಿ ಹೇಳ್ಯಾಳ್ರಿ,” ಎಂದು ಅವಳು ನಿರ್ದೇಶಕನಿಗೆ ಹೇಳಿದಳು. “ಆ ಪಾತ್ರ ಮಾಡೋರನ್ನ ಇಲ್ಲೆ ಕರ್ಕೊಂಡು ಬರ್ರಿ. ಅವತ್ತು ಜ್ವರದಾಗೂ ನನಗ ಎಚ್ಚರಿತ್ತು. ಇವರ ಮಾರಿ ಹೆಂಗಿತ್ತಂತ ನಾ ತೋರಸ್ತೀನಿ.”